ಫ್ಲೋರೋಕ್ವಿನೋಲೋನ್‌ಗಳ ದ್ಯುತಿವಿಘಟನೆ

ಸಿಪ್ರೋಫ್ಲಾಕ್ಸಾಸಿನ್, ನಾರ್ಫ್ಲಾಕ್ಸಾಸಿನ್, ಓಫ್ಲಾಕ್ಸಾಸಿನ್ ಮುಂತಾದ ಪ್ರತಿಜೀವಕಗಳ ಅಣುಗಳು ನೀರಿನಲ್ಲಿ ಬೆಳಕನ್ನು ಹೀರಿಕೊಂಡು ಒಡೆಯುವ ಕ್ರಿಯೆ. ಕ್ವಿನೋಲೋನ್ ಗುಂಪಿನ ಮೊದಲ ಔಷಧ, 1962ರಲ್ಲಿ ವರದಿಯಾದ ನಲಿಡಿಕ್ಸಿಕ್ ಆಮ್ಲ. ಮುಂದೆ ಅಣುವಿಗೆ ಫ್ಲೋರಿನ್ ಪರಮಾಣು ಸೇರಿದಾಗ ಔಷಧದ ಬಲ ಹೆಚ್ಚಿತು. ‘ಸಿಪ್ರೊ’ ಗುಳಿಗೆ ಇಂದು ಹಳ್ಳಿಯ ಔಷಧದಂಗಡಿಗೂ ಹಳೆಯ ಪರಿಚಯ. ನುಂಗಿದ 500 ಮಿಲಿಗ್ರಾಂ ಗುಳಿಗೆಯಲ್ಲಿ ಸುಮಾರು ಶೇ. 40ರಿಂದ 50ರಷ್ಟು ಬದಲಾಗದೆ ಮೂತ್ರದಲ್ಲಿ ಹೊರಬೀಳುತ್ತದೆ. ದನಕರು, ಕೋಳಿಗಳಿಗೆ ಕೊಡುವ ಎನ್ರೋಫ್ಲಾಕ್ಸಾಸಿನ್ ಕೂಡ ದೇಹದೊಳಗೆ ಒಂದಿಷ್ಟು ಸಿಪ್ರೋಫ್ಲಾಕ್ಸಾಸಿನ್ ಆಗುತ್ತದೆ.

ಸಿಪ್ರೋಫ್ಲಾಕ್ಸಾಸಿನ್ 275 ಮತ್ತು 325 ನ್ಯಾನೋಮೀಟರ್ ಆಸುಪಾಸಿನ ನೇರಳಾತೀತ ಬೆಳಕನ್ನು ಹೀರುತ್ತದೆ. ನೆಲ ಮುಟ್ಟುವ ಬಿಸಿಲು ಸುಮಾರು 290 ನ್ಯಾನೋಮೀಟರ್‌ನಿಂದ ಆರಂಭವಾಗುವುದರಿಂದ ಎರಡನೆಯ ಪಟ್ಟಿಗೆ ಬಿಸಿಲೇ ಸಾಕು. ಬೆಳಕಿನಿಂದ ಕೆರಳಿದ ಅಣು ಮುಖ್ಯವಾಗಿ ಮೂರು ಕಡೆ ಒಡೆಯುತ್ತದೆ: ಫ್ಲೋರಿನ್ ಕಳಚಿ ಆ ಜಾಗಕ್ಕೆ ನೀರಿನ ಹೈಡ್ರಾಕ್ಸಿಲ್ ಬರಬಹುದು, ಪಕ್ಕದ ಪಿಪೆರಜಿನ್ ಉಂಗುರ ತುಂಡಾಗಬಹುದು, ಇಲ್ಲವೆ ಕಾರ್ಬಾಕ್ಸಿಲ್ ಗುಂಪು ಉದುರಬಹುದು. ನೀರು ತಟಸ್ಥವಾಗಿಯೋ ತುಸು ಕ್ಷಾರೀಯವಾಗಿಯೋ ಇದ್ದರೆ ಕೆಲಸ ಚುರುಕು, ಆಮ್ಲೀಯವಾದರೆ ಮಂದ. ತಿಳಿನೀರಿನ ಮೇಲ್ಪದರದಲ್ಲಿ, ಕಡುಬಿಸಿಲಿನಲ್ಲಿ ಔಷಧದ ಅರ್ಧಭಾಗ ಮಾಯವಾಗಲು ನಿಮಿಷಗಳಿಂದ ಕೆಲವು ಗಂಟೆ ಸಾಕು. ಸಿಪ್ರೋಫ್ಲಾಕ್ಸಾಸಿನ್ ಪೊಟ್ಟಣದ ಮೇಲೆ ಬೆಳಕಿನಿಂದ ದೂರವಿಡಿ ಎಂದು ಅಚ್ಚಾಗಿರುವುದು ಇದೇ ಕಾರಣಕ್ಕೆ. ಮಾಕ್ಸಿಫ್ಲಾಕ್ಸಾಸಿನ್ ಮಾತ್ರ ಎಂಟನೆಯ ಸ್ಥಾನದಲ್ಲಿ ಮೆಥಾಕ್ಸಿ ಗುಂಪು ಇರುವುದರಿಂದ ಬೆಳಕಿಗೆ ಹೆಚ್ಚು ತಾಳುತ್ತದೆ.

ಪ್ರಯೋಗಾಲಯದ ಗಾಜಿನ ಪಾತ್ರೆಯ ಈ ಲೆಕ್ಕ ಊರ ಕೆರೆಗೆ ಹಾಗೇ ಹೊಂದುವುದಿಲ್ಲ. ಉದಾಹರಣೆಗೆ, ಗದಗ ಜಿಲ್ಲೆಯ ಇಟಗಿ, ರೋಣ, ನರಗುಂದದ ಸೀಮೆ 15 ಮತ್ತು 16 ಡಿಗ್ರಿ ಉತ್ತರ ಅಕ್ಷಾಂಶಗಳ ನಡುವೆ ಇದೆ. ಮೇ ತಿಂಗಳ ಆರಂಭದಲ್ಲಿ ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ. ಇಲ್ಲಿ ಬಿಸಿಲಿಗೆ ಬರವಿಲ್ಲ, ತಿಳಿನೀರಿಗೆ ಬರ. ಮಳೆಗಾಲದಲ್ಲಿ ಇಲ್ಲಿನ ಬೆಣ್ಣೆಹಳ್ಳವೂ ಮಲಪ್ರಭಾ ನದಿಯೂ ಎರೆಮಣ್ಣು ಕಲಸಿಕೊಂಡು ಹರಿಯುತ್ತವೆ. ಅಂಥ ನೀರನ್ನು ಗಾಜಿನ ಲೋಟಕ್ಕೆ ತುಂಬಿ ಹಿಡಿದರೆ ಆಚೆ ಬದಿಯ ಬೆರಳು ಕಾಣದು. ನೇರಳಾತೀತ ಕಿರಣಗಳಿಗೂ ಅದೇ ಗತಿ. ಇನ್ನು ಎರೆಭೂಮಿಯಲ್ಲಿ ಹೇರಳವಾಗಿರುವ ಮಾಂಟ್ಮೊರಿಲೊನೈಟ್ ಜೇಡಿ ತನ್ನ ಪದರಗಳ ಸಂದಿಯಲ್ಲಿ ಈ ಔಷಧಗಳನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳುತ್ತದೆ. ಬೆಳಕಿನಿಂದ ಒಡೆಯಬೇಕಾದ ಅಣು ಕತ್ತಲೆಯ ತಳ ಸೇರುತ್ತದೆ. ಕೊಳೆತ ಎಲೆಗಳಿಂದ ಕಂದಿದ ನೀರಿನ ವರ್ತನೆ ಎರಡು ಬಗೆ: ಅಲ್ಲಿನ ಸಾವಯವ ವಸ್ತು ಬೆಳಕಿಗೆ ಅಡ್ಡವೂ ಆಗುತ್ತದೆ, ತಾನೇ ಬೆಳಕು ಹೀರಿ ಔಷಧವನ್ನು ಒಡೆಯಲು ನೆರವೂ ಆಗುತ್ತದೆ. ಸಾಮಾನ್ಯವಾಗಿ ಅಡ್ಡಿಯದೇ ಮೇಲುಗೈ.

ಕಳಚಿದ ಫ್ಲೋರಿನ್ ನೀರಿನಲ್ಲಿ ಫ್ಲೋರೈಡ್ ಆಗುತ್ತದೆ. ಗದಗ ಜಿಲ್ಲೆಯ ಕೊಳವೆಬಾವಿಗಳ ಫ್ಲೋರೈಡ್ ಬಾಧೆ ಬಲ್ಲವರಿಗೆ ಈ ಮಾತು ಗಾಬರಿ ಹುಟ್ಟಿಸಬಹುದು. ಕಾರಣವಿಲ್ಲ. ಸಿಪ್ರೋಫ್ಲಾಕ್ಸಾಸಿನ್ ತೂಕದಲ್ಲಿ ಫ್ಲೋರಿನ್ ಪಾಲು ಶೇ. 5.7 ಮಾತ್ರ. ಲೀಟರಿಗೆ ಒಂದು ಮೈಕ್ರೋಗ್ರಾಂ ಔಷಧ ಪೂರ್ತಿ ಒಡೆದುಹೋದರೂ ಬಿಡುವ ಫ್ಲೋರೈಡ್, ಕುಡಿಯುವ ನೀರಿಗೆ ಹೇಳಿರುವ ಒಂದು ಮಿಲಿಗ್ರಾಂ ಮಿತಿಯ ಹದಿನೇಳು ಸಾವಿರದಲ್ಲಿ ಒಂದು ಪಾಲೂ ಆಗದು. ಬಾವಿಯ ಫ್ಲೋರೈಡ್ ಬರುವುದು ಬಂಡೆಯಿಂದ.

ಚಿಂತೆ ಬೇರೆ ಕಡೆ ಇದೆ. ಬೆಳಕು ಅಣುವಿನ ಅಂಚನ್ನು ಕತ್ತರಿಸಿ ಕ್ವಿನೋಲೋನ್ ತಿರುಳನ್ನು ಉಳಿಸಿದರೆ, ಆ ತುಣುಕಿಗೆ ಬ್ಯಾಕ್ಟೀರಿಯಾ ಕೊಲ್ಲುವ ಗುಣ ಅಷ್ಟಿಷ್ಟು ಉಳಿಯಬಹುದು. ಆದ್ದರಿಂದ ಮೂಲ ಔಷಧ ಅಳತೆಗೆ ಸಿಗದಂತಾಯಿತು ಎಂದಮಾತ್ರಕ್ಕೆ ನೀರು ಶುದ್ಧವಾಯಿತೆಂದು ಬರೆಯುವ ವರದಿಗಳನ್ನು ಅನುಮಾನದಿಂದಲೇ ಓದಬೇಕು. ಇನ್ನು ನೀರಿಗೆ ಸೇರುವ ಔಷಧದ ಹೊರೆ ವಿಪರೀತವಾದಲ್ಲಿ ಬಿಸಿಲಿನ ಮೇಲೆ ಭರವಸೆ ಇಡುವಂತಿಲ್ಲ. ಹೈದರಾಬಾದ್ ಬಳಿಯ ಪಟಾಂಚೆರುವಿನಲ್ಲಿ ಔಷಧ ಕಾರ್ಖಾನೆಗಳ ಸಂಸ್ಕರಿತ ತ್ಯಾಜ್ಯನೀರಿನಲ್ಲೇ ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಪ್ರೋಫ್ಲಾಕ್ಸಾಸಿನ್ ಇದ್ದುದನ್ನು ಸ್ವೀಡನ್ನಿನ ಜೋಕಿಮ್ ಲಾರ್ಸನ್ ತಂಡ 2007ರಲ್ಲಿ ಪ್ರಕಟಿಸಿತು.

ಕೆರೆಯ ತಳ ಸೇರಿದ ಔಷಧ ಅಲ್ಲೇ ಉಳಿಯಬೇಕೆಂದೂ ಇಲ್ಲ. ಬೇಸಿಗೆಯಲ್ಲಿ ಹೂಳು ತೆಗೆದು ಹೊಲಕ್ಕೆ ಹರಡುವಾಗ ಅದೂ ಜೊತೆಗೆ ಹೋಗುತ್ತದೆ. ಹೊಲದ ಮಣ್ಣಿನಲ್ಲಿ ಬಿಸಿಲು ಮುಟ್ಟುವುದು ಮೇಲಿನ ಒಂದು ಮಿಲಿಮೀಟರಿಗೂ ಕಡಿಮೆ ಪದರವನ್ನು.