ಕೊಡಗಿನಲ್ಲಿ ತಂಗುವ ವ್ಯವಸ್ಥೆ: ಹೋಟೆಲೋ, ಹೋಂಸ್ಟೇಯೋ?

ಮುಂಬೈಯಿಂದ ಕೊಡಗಿಗೆ ಪ್ರವಾಸ ಹೊರಡುವವರು ರೈಲಿನಲ್ಲಿ ಮಂಗಳೂರಿಗೆ ಬಂದು ಸುಳ್ಯ, ಸಂಪಾಜೆ ಮಾರ್ಗವಾಗಿ ಘಾಟಿ ಏರಬೇಕು. ಇಲ್ಲವೇ ಮೈಸೂರಿನಲ್ಲಿಳಿದು ಸುಮಾರು 120 ಕಿ.ಮೀ. ರಸ್ತೆಯಲ್ಲಿ ಪಯಣಿಸಬೇಕು. ಮಡಿಕೇರಿಗೆ ರೈಲಿಲ್ಲ. ಆಯಾಸಗೊಂಡ ಆ ಹೊತ್ತಿನಲ್ಲಿ, ಹಿರಿಯರನ್ನೂ ಮಕ್ಕಳನ್ನೂ ಜೊತೆಗಿಟ್ಟುಕೊಂಡು ಕೊಠಡಿ ಹುಡುಕುವುದು ಸಲ್ಲದು. ತಂಗುವ ಸ್ಥಳವನ್ನು ಹೊರಡುವ ಮೊದಲೇ ನಿಶ್ಚಯಿಸಿಕೊಳ್ಳಬೇಕು.

ಮನೆಯವರು ವಾಸವಿರುವ ಮನೆಯಲ್ಲೇ ಕೆಲವು ಕೊಠಡಿಗಳನ್ನು ಅತಿಥಿಗಳಿಗೆ ನೀಡುವುದು ಹೋಂಸ್ಟೇ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಯೋಜನೆಯಲ್ಲಿ ಇದಕ್ಕೆ ಗರಿಷ್ಠ 6 ಕೊಠಡಿ, 12 ಹಾಸಿಗೆಗಳ ಮಿತಿಯಿದೆ. ಮಾಲೀಕರ ಕುಟುಂಬ ಅಲ್ಲೇ ವಾಸಿಸಬೇಕೆಂಬ ಷರತ್ತೂ ಇದೆ. ನಮ್ಮ ದೃಷ್ಟಿಯಲ್ಲಿ ಬಾಡಿಗೆಗಿಂತ ಮುಖ್ಯವಾದುದು ಈ ಷರತ್ತೇ. ತೋಟದ ನಡುವಿನ ಬಂಗಲೆಯ ಬೀಗದ ಕೈ ಕೊಟ್ಟು, ಸಂಜೆಯಾಗುತ್ತಲೇ ಮೇಲ್ವಿಚಾರಕನು ಮನೆಗೆ ಹೊರಟುಹೋಗುವ ಸ್ಥಳವೂ ಹೋಂಸ್ಟೇ ಎಂಬ ಹೆಸರಿನಲ್ಲೇ ನಡೆಯುವುದುಂಟು. ನಡುರಾತ್ರಿ ಹಿರಿಯರಿಗೆ ಎದೆನೋವು ಬಂದರೆ ಅಲ್ಲಿ ಕರೆಯುವುದು ಯಾರನ್ನು? ಆದುದರಿಂದ "ರಾತ್ರಿ ಮನೆಯವರು ಇರುತ್ತಾರೆಯೇ? ಮೊಬೈಲ್ ಸಿಗುತ್ತದೆಯೇ? ಬಾಗಿಲವರೆಗೆ ವಾಹನ ಬರುತ್ತದೆಯೇ?" ಎಂದು ಕೇಳಿಯೇ ಮುಂದುವರಿಯಬೇಕು. ಪ್ರವಾಸೋದ್ಯಮ ಇಲಾಖೆಯ ನೋಂದಣಿಯನ್ನೂ ವಿಚಾರಿಸಬೇಕು.

ಗ್ಯಾಸ್ ಗೀಸರ್ ಬಗೆಗೂ ಕೇಳಲು ಸಂಕೋಚ ಬೇಡ. ಗಾಳಿಯಾಡದ ಸ್ನಾನಗೃಹದಲ್ಲಿ ಅದು ಉರಿದರೆ ಉಂಟಾಗುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಪ್ರಾಣ ಹೋಗುವವರೆಗೂ ತಿಳಿಯದು. ಈ ಎಚ್ಚರ ಹೋಟೆಲಿಗೂ ಅನ್ವಯಿಸುತ್ತದೆ.

ಮನೆಯವರು ಜೊತೆಗಿದ್ದರೆ ಹೋಂಸ್ಟೇಯ ಸುಖವೇ ಬೇರೆ. ಬಿಸಿ ಕಡಂಬುಟ್ಟು, ನೂಪುಟ್ಟು, ತೋಟದ ಕಾಫಿ. ಹೂಮಳೆ ಬಿದ್ದ ಬಳಿಕ ಮಾರ್ಚ್-ಏಪ್ರಿಲ್‌ನಲ್ಲಾದರೆ ಬೆಳ್ಳಗೆ ಅರಳಿದ ಕಾಫಿ ಹೂವಿನ ಪರಿಮಳ. ಸಸ್ಯಾಹಾರಿಗಳು ಮೊದಲೇ ತಿಳಿಸಿದರೆ ಇಬ್ಬರಿಗೂ ಮುಜುಗರವಿಲ್ಲ.

ಮಳೆಗಾಲಕ್ಕೆ ಈ ಮಾತು ಸಲ್ಲದು. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದು ರಸ್ತೆಗಳೇ ಕಡಿದುಹೋದುದನ್ನು ಮರೆಯಲಾಗದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಹಾಗೂ ಔಷಧೋಪಚಾರದಲ್ಲಿರುವವರು ಜೊತೆಗಿದ್ದಾಗ ಯಾವ ಕಾಲದಲ್ಲೂ, ಮಡಿಕೇರಿ ಪೇಟೆಯ ಹೋಟೆಲನ್ನೇ ನಾವು ಸೂಚಿಸುತ್ತೇವೆ. ಜಿಲ್ಲಾಸ್ಪತ್ರೆ ಅಲ್ಲೇ ಇದೆ.

ತೆರಿಗೆಯ ಲೆಕ್ಕ ಸರಳ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂ.ವರೆಗಿನ ಕೊಠಡಿಗೆ ಜಿ.ಎಸ್.ಟಿ. ಶೇ. 5, ಅದಕ್ಕೂ ಮೇಲ್ಪಟ್ಟರೆ ಶೇ. 18. ನೋಂದಣಿಯ ಮಿತಿಗೆ ಬಾರದ ಸಣ್ಣ ಮನೆಯವರಿಂದ ನೇರವಾಗಿ ಪಡೆದರೆ ಈ ತೆರಿಗೆಯಿಲ್ಲ.

ಮುಂಗಡದ ವಿಷಯದಲ್ಲಿ ಮಾತ್ರ, ಬ್ಯಾಂಕಿನ ಕೌಂಟರಿನಲ್ಲಿ ಕುಳಿತ ನಮಗೆ ಒಂದು ಮಾತು ಹೇಳದಿರಲಾಗದು. ಸುಂದರ ಚಿತ್ರಗಳನ್ನು ತೋರಿಸಿ, ಇಲ್ಲದ ಮನೆಗೆ ಹಣ ಕೇಳುವವರಿದ್ದಾರೆ. ಯು.ಪಿ.ಐ.ಯಲ್ಲಿ ಒಮ್ಮೆ ಹೋದ ಹಣವನ್ನು ಬ್ಯಾಂಕು ತಾನಾಗಿ ಹಿಂದಕ್ಕೆ ತರಲಾರದು. ಪರದೆಯ ಮೇಲೆ ಕಾಣುವ ಖಾತೆದಾರರ ಹೆಸರು ಮನೆಯವರದೇ ಎಂದು ಖಚಿತಪಡಿಸಿಕೊಳ್ಳಿ, ಪೂರ್ತಿ ಬಾಡಿಗೆಯನ್ನು ಮೊದಲೇ ಕಳುಹಿಸಬೇಡಿ. ಮೋಸವೆಂದು ತಿಳಿದೊಡನೆ 1930ಕ್ಕೆ ಕರೆ ಮಾಡಿ, ನಿಮ್ಮ ಬ್ಯಾಂಕಿಗೂ ತಿಳಿಸಿ.