ಪಡೆದದ್ದು ಮರಳುವ ಲೆಕ್ಕ

ತಿರುಮೂರ್ತಿ ಜಲಾಶಯದಿಂದ ಹೊರಟ ಪರಂಬಿಕ್ಕುಳಂ–ಆಳಿಯಾರ್ ಯೋಜನೆಯ ನೀರು ನಾಲ್ಕು ಮಂಡಲಗಳಿಗೆ ಪಾಳಿಯ ಮೇಲೆ ಹರಿಯುವುದನ್ನು, ಒಂದರ ಪಾಳಿ ಮುಗಿದ ಮೇಲೆಯೇ ಇನ್ನೊಂದರದು ಮೊದಲಾಗುವುದನ್ನು, ಉಡುಮಲಪೇಟೆಯ ಸೀಮೆಯಲ್ಲಿ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡು ಬಂದ ಒಕ್ಕಲಿಗರೂ ದೇವಾಂಗರೂ ಚೆನ್ನಾಗಿ ಬಲ್ಲರು. ಗಣಕಯಂತ್ರದ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನೆಲ್ ಸ್ಮೃತಿಯನ್ನು ಹಂಚುವ ಧರ್ಮವೂ ಇಂಥದೇ: ಒಬ್ಬರು ಮರಳಿಸಿದ ಮೇಲೆಯೇ ಅದು ಇನ್ನೊಬ್ಬರಿಗೆ. ಸಾಮಾನ್ಯ ತಂತ್ರಾಂಶವೊಂದು ಹಿಂದಿರುಗಿಸದೆ ಉಳಿಸಿಕೊಂಡ ಸ್ಮೃತಿ ಅದು ಮುಗಿದೊಡನೆ ಮರಳಿ ಬರುತ್ತದೆ. ಕರ್ನೆಲ್ ತಾನೇ ಮರೆತ ಸ್ಮೃತಿಯಾದರೋ ಯಂತ್ರವನ್ನು ಆರಿಸಿ ಮತ್ತೆ ಚಾಲೂ ಮಾಡುವವರೆಗೂ ಯಾರಿಗೂ ದಕ್ಕದು.

ಸ್ಮೃತಿಯನ್ನು ಅರ್ಧರ್ಧವಾಗಿ ಸೀಳಿ ಕೊಟ್ಟು, ಮರಳಿದ ಜೋಡಿಗಳನ್ನು ಪುನಃ ಬೆಸೆಯುವ ಪದ್ಧತಿಯನ್ನು ಕೆನೆತ್ ನೋಲ್ಟನ್ 1965ರಲ್ಲಿ ಪ್ರಕಟಿಸಿದನು. ಒಂದೇ ಬಗೆಯ ವಸ್ತುಗಳನ್ನು ಸಿದ್ಧರೂಪದಲ್ಲಿಯೇ ಕಾದಿರಿಸುವ 'ಸ್ಲ್ಯಾಬ್' ವಿಧಾನವನ್ನು ಜೆಫ್ ಬಾನ್‌ವಿಕ್ 1994ರಲ್ಲಿ ನಿರೂಪಿಸಿದನು. ಲಿನಕ್ಸ್ ಕರ್ನೆಲ್ ಈ ಎರಡನ್ನೂ ಸ್ವೀಕರಿಸಿತು.

ದೋಷಶೋಧನೆಯ ಉಪಾಯಗಳಲ್ಲಿ ನನಗೆ ಅತ್ಯಂತ ಮೆಚ್ಚಿನದು ತೀರ ಸರಳವಾದುದು. ಪರೀಕ್ಷೆಗೆಂದು ಅಣಿಗೊಳಿಸಿದ ಕರ್ನೆಲ್ಲಿನಲ್ಲಿ, ಬಿಡುಗಡೆಗೊಂಡ ಪ್ರತಿಯೊಂದು ತುಣುಕನ್ನೂ '6ಬಿ' ಎಂಬ ಒಂದೇ ಸಂಕೇತದಿಂದ ತುಂಬಿಡುವರು. ಯಂತ್ರ ಕುಸಿದು ಬಿದ್ದಾಗ ಅದರ ಕೊನೆಯ ವರದಿಯಲ್ಲಿ '6ಬಿ6ಬಿ6ಬಿ' ಎಂಬ ಸಾಲು ಕಂಡಿತೆಂದರೆ, ಬಿಟ್ಟುಕೊಟ್ಟ ನೆಲವನ್ನು ಯಾರೋ ಮತ್ತೆ ತುಳಿದರೆಂಬುದು ಅನುಭವಿಗೆ ಒಡನೆಯೇ ತಿಳಿಯುತ್ತದೆ.

ಲೆಕ್ಕದ ಪ್ರಶ್ನೆ ಇದಕ್ಕಿಂತ ಕಠಿನತರವಾದುದು. ತಂತ್ರಾಂಶಗಳ ಯಾವ ಗುಂಪು ಎಷ್ಟು ಸ್ಮೃತಿಯನ್ನು ಬಳಸಿತೆಂದು ಎಣಿಸಿ ಮಿತಿ ವಿಧಿಸುವ ನಿಯಂತ್ರಕವನ್ನು ಕುರಿತು ಐಬಿಎಂ ಸಂಸ್ಥೆಯ ಭಾರತೀಯ ಲಿನಕ್ಸ್ ತಂತ್ರಜ್ಞಾನ ಕೇಂದ್ರದ ಬಲ್ಬೀರ್ ಸಿಂಗ್ ಮತ್ತು ವೈದ್ಯನಾಥನ್ ಶ್ರೀನಿವಾಸನ್ ಅವರು 2007ರಲ್ಲಿ ಪ್ರಬಂಧ ಮಂಡಿಸಿದರು. 2008ರ ಏಪ್ರಿಲ್‌ನಲ್ಲಿ ಹೊರಬಂದ 2.6.25ನೆಯ ಆವೃತ್ತಿಯಲ್ಲಿ ಆ ನಿಯಂತ್ರಕ ಸೇರಿತು. ನಮ್ಮ ದೇಶದ ಎಂಜಿನಿಯರುಗಳ ಈ ಕೆಲಸಕ್ಕೆ ನಮ್ಮ ಪತ್ರಿಕೆಗಳಲ್ಲಿ ಸಲ್ಲಬೇಕಾದಷ್ಟು ಸ್ಥಾನ ಸಂದಿಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ಮೊದಮೊದಲು ಸ್ಮೃತಿಯ ಪ್ರತಿಯೊಂದು ಪುಟಕ್ಕೂ ಬೇರೆಯೇ ದಾಖಲೆಯನ್ನು ಇರಿಸಬೇಕಾಗಿ, ಸ್ಮೃತಿಯ ಲೆಕ್ಕವೇ ಸ್ಮೃತಿಯನ್ನು ತಿನ್ನುತ್ತಿತ್ತು, 2015ರ 3.19ನೆಯ ಆವೃತ್ತಿಯಲ್ಲಿ ಆ ಭಾರ ಇಳಿಯಿತು.

ಆದರೂ ಒಂದು ವ್ಯಾಧಿ ಉಳಿದಿತ್ತು. ಗುಂಪನ್ನು ಅಳಿಸಿದ ಮೇಲೂ, ಅದರ ಹೆಸರಿನಲ್ಲಿ ಪಡೆದ ಒಂದು ಅಲ್ಪ ವಸ್ತು ಎಲ್ಲಿಯೋ ಬಳಕೆಯಲ್ಲಿದ್ದರೆ ಸಾಕು, ಗುಂಪಿನ ದಾಖಲೆಯೆಲ್ಲವೂ ಕರ್ನೆಲ್ಲಿನಲ್ಲಿ ಹಾಗೆಯೇ ನಿಲ್ಲುತ್ತಿತ್ತು. ದಿನವಿಡೀ ಗುಂಪುಗಳು ಹುಟ್ಟಿ ಅಳಿಯುವ ದೊಡ್ಡ ಯಂತ್ರಗಳಲ್ಲಿ ಇಂಥ ಮೃತ ದಾಖಲೆಗಳು ರಾಶಿಬಿದ್ದು ಸ್ಮೃತಿಯನ್ನು ನುಂಗುತ್ತಿದ್ದವು. ರೋಮನ್ ಗುಶ್ಚಿನ್ ರೂಪಿಸಿ 2019ರ 5.3ನೆಯ ಆವೃತ್ತಿಯಲ್ಲಿ ಸೇರಿದ ತಿದ್ದುಪಡಿಯಿಂದ, ಅಳಿದ ಗುಂಪಿನ ಇಂಥ ಸಣ್ಣ ವಸ್ತುಗಳ ಬಾಕಿ ಅದರ ಮಾತೃಗುಂಪಿನ ಲೆಕ್ಕಕ್ಕೆ ವರ್ಗವಾಗಿ, ಮೃತ ದಾಖಲೆಗೆ ಬಿಡುಗಡೆ ದೊರೆಯಿತು. ಕಡತಗಳ ಪುಟಗಳ ಬಾಕಿಯನ್ನು ಮಾತ್ರ ಆ ತಿದ್ದುಪಡಿ ಮುಟ್ಟಲಿಲ್ಲ.