ಬಿಲ್ಲು, ಬೇಟೆ ಮತ್ತು ಜಿಂಕೆ

ಕಳೆದ ಸಂಕಷ್ಟಿಯಂದು ಮನೆಮಂದಿಯೊಡನೆ ರಾಂಜಣಗಾಂವದ ಮಹಾಗಣಪತಿಯ ದರ್ಶನಕ್ಕೆ ಹೋಗಿದ್ದೆ. ಪುಣೆಯಿಂದ ನಗರ ರಸ್ತೆಯಲ್ಲಿ ಸುಮಾರು 50 ಕಿಲೋಮೀಟರು. ತ್ರಿಪುರಾಸುರನ ಮೇಲೆ ಯುದ್ಧಕ್ಕೆ ಹೊರಟ ಶಿವನು ಇಲ್ಲಿ ಗಣಪತಿಯನ್ನು ಪೂಜಿಸಿದನೆಂದು ಸ್ಥಳಪುರಾಣ. ಆ ಯುದ್ಧದಲ್ಲಿ ಮೇರುಪರ್ವತವೇ ಬಿಲ್ಲು, ವಾಸುಕಿಯೇ ಹೆದೆ, ವಿಷ್ಣುವೇ ಬಾಣ. ಕಥೆ ಕೇಳಿದ ಮಗ, "ಅಪ್ಪಾ, ನಮ್ಮ ಊರಮನೆಯಲ್ಲೂ ಬಿಲ್ಲಿತ್ತಂತೆ. ಅದರಿಂದ ಏನು ಹೊಡೆಯುತ್ತಿದ್ದರು?" ಎಂದ. ಥಟ್ಟನೆ ಉತ್ತರಿಸಲು ನನಗೆ ನಾಲಿಗೆ ಏಳಲಿಲ್ಲ.

ಹಳಿಯಾಳದ ಕಡೆಯ ನಮ್ಮ ಮನೆಯ ಅಟ್ಟದಲ್ಲಿ ಬಿದಿರಿನ ಬಿಲ್ಲೊಂದು ಇದ್ದದ್ದು ನಿಜ. ನಾನು ಕಾಣುವ ಹೊತ್ತಿಗೆ ಅದಕ್ಕೆ ಹೆದೆ ಇರಲಿಲ್ಲ; ಒಂದು ತುದಿಯನ್ನು ಗೆದ್ದಲು ತಿಂದಿತ್ತು. ಪಕ್ಕದಲ್ಲಿ ಕಬ್ಬಿಣದ ಮೊನೆಯ ಎರಡು ಬಾಣಗಳು. ಅಜ್ಜ ಬೇಟೆಯ ಮಾತನ್ನು ಹೆಚ್ಚು ಆಡುತ್ತಿರಲಿಲ್ಲ. "ಮಳೆ ಹೋದ ವರ್ಷ ಗದ್ದೆಗೆ ಬರುವ ಜಿಂಕೆಗೂ ಹಸಿವು, ನಮಗೂ ಹಸಿವು" ಎಂದಷ್ಟೇ ಒಮ್ಮೆ ಹೇಳಿದ್ದರು.

ಆ ಮಾತಿಗೆ ಸಾಕ್ಷಿ ರಾಂಜಣಗಾಂವ ಇರುವ ಶಿರೂರು ತಾಲೂಕಿನಲ್ಲಿಯೇ ಇದೆ. ಘೋಡ್ ನದಿಯ ದಂಡೆಯ ಇನಾಮಗಾಂವದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನವರು 1968ರಿಂದ ಹಲವು ವರ್ಷ ಉತ್ಖನನ ನಡೆಸಿದರು. ಸುಮಾರು ಕ್ರಿ.ಪೂ. 1600ರಿಂದ 700ರವರೆಗೆ ಅಲ್ಲಿ ಜನವಸತಿ ಇತ್ತು. ಬಾರ್ಲಿ ಬೆಳೆದು ದನ ಸಾಕಿದ ಆ ಜನರ ಕಸದಲ್ಲಿ ಜಿಂಕೆಯ ಎಲುಬುಗಳೂ ಸಿಕ್ಕಿವೆ. ಕೊನೆಯ ಶತಮಾನಗಳಲ್ಲಿ ಬರ ಬಿದ್ದು, ಬೇಸಾಯ ಕುಗ್ಗಿ, ಬೇಟೆ ಹೆಚ್ಚಿತೆಂದು ಡಾ. ಧವಳೀಕರರ ಅಭಿಪ್ರಾಯ. ಎಲುಬು ಉಳಿಯುತ್ತದೆ, ಬಿದಿರು, ನಾರು ಮಣ್ಣಾಗುತ್ತವೆ. ಆದುದರಿಂದಲೇ ಬಿಲ್ಲಿನ ಇತಿಹಾಸ ಬರೆಯುವುದು ಕಷ್ಟ.

ಬಡವನಿಗೆ ಹೊಟ್ಟೆಪಾಡಾದ ಬೇಟೆ ಅರಸನಿಗೆ ವಿನೋದ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮೃಗಯೆಯೂ ರಾಜವಿನೋದಗಳಲ್ಲೊಂದು. ಬೇಲೂರಿನ ಮದನಿಕೆಯರ ನಡುವೆ ಬಿಲ್ಲು ಹಿಡಿದ ಬೇಟೆಗಾತಿಯನ್ನು ನಾವೆಲ್ಲರೂ ನೋಡಿ ಮೆಚ್ಚಿದವರೇ.

ಇನ್ನು ಹೊಸ ಬಿಲ್ಲಿನ ಸಂಗತಿ. ಸಾಧಾರಣ ಬಿಲ್ಲನ್ನು ಎಳೆದಷ್ಟೂ ಭಾರ ಹೆಚ್ಚುತ್ತದೆ. ಜಿಂಕೆ ಅಡ್ಡ ತಿರುಗುವವರೆಗೆ ಎಳೆದು ಹಿಡಿದವನ ಕೈ ನಡುಗುತ್ತದೆ. ಅಮೆರಿಕದ ಮಿಸೌರಿಯ ಹಾಲೆಸ್ ವಿಲ್ಬರ್ ಆಲೆನ್ ಎಂಬ ಬೇಟೆಗಾರ ಬಿಲ್ಲಿನ ಎರಡೂ ತುದಿಗೆ ಓರೆ ಅಚ್ಚಿನ ರಾಟೆಗಳನ್ನು ಕೂಡಿಸಿದ. 1966ರಲ್ಲಿ ಅರ್ಜಿ ಹಾಕಿ 1969ರಲ್ಲಿ ಪೇಟೆಂಟ್ ಪಡೆದ. ಇದೇ ಕಾಂಪೌಂಡ್ ಬಿಲ್ಲು. ಎಳೆತದ ನಡುವೆ ಭಾರ ಏರಿ, ಪೂರ್ತಿ ಎಳೆದಾಗ ಇಳಿಯುತ್ತದೆ. ಈಗಿನ ಬಿಲ್ಲುಗಳಲ್ಲಿ 27 ಕಿಲೋ ಎಳೆದವನು ಕೊನೆಗೆ ಸುಮಾರು 7 ಕಿಲೋ ಹಿಡಿದರೆ ಸಾಕು. ಕೂಡಿಟ್ಟ ಶಕ್ತಿಯ ಬಹುಪಾಲು ಬಾಣಕ್ಕೇ. ಅಲ್ಲಿನ ಜಿಂಕೆ ಬೇಟೆಗಾರರು ಅದನ್ನು ಬೇಗನೆ ಒಪ್ಪಿಕೊಂಡರು.

ನಮ್ಮಲ್ಲಿ ದಾರಿ ಬೇರೆಯಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಹಾಗೂ ಅದಕ್ಕೆ 1991ರಲ್ಲಾದ ತಿದ್ದುಪಡಿ ಜಿಂಕೆ ಬೇಟೆಗೆ ಬಾಗಿಲು ಮುಚ್ಚಿದವು. 1974ರಲ್ಲಿ ರಾಣೆಬೆನ್ನೂರಿನಲ್ಲಿ ಕೃಷ್ಣಮೃಗಗಳಿಗೆ ಅಭಯಾರಣ್ಯವಾಯಿತು. ಜಿಂಕೆಗಾಗಿ ಹುಟ್ಟಿದ ಬಿಲ್ಲು ಇಲ್ಲಿ 50 ಮೀಟರು ದೂರದ ಬಣ್ಣದ ಗುರಿಹಲಗೆಗೆ ತಿರುಗಿತು. 2023ರಲ್ಲಿ ಬರ್ಲಿನ್‌ನಲ್ಲಿ ಸಾತಾರೆಯ 17 ವರ್ಷದ ಹುಡುಗಿ ಅದಿತಿ ಸ್ವಾಮಿ ಇದೇ ಬಿಲ್ಲಿನಿಂದ ವಿಶ್ವವಿಜೇತೆಯಾದಳು.

ಮರಳುವಾಗ ಮಗನಿಗೆ ನಿಜ ಹೇಳಿದೆ: "ಜಿಂಕೆಯನ್ನೇ ಹೊಡೆಯುತ್ತಿದ್ದರಪ್ಪಾ, ಹಸಿವಿಗೆ." ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ನಾನು ಬಿಲ್ಲು ಕಲಿಯಬಹುದೇ, ಬರೀ ಹಲಗೆಗೆ?" ಎಂದ. ಅಜ್ಜ ಇದ್ದಿದ್ದರೆ ಒಪ್ಪುತ್ತಿದ್ದರು. ನಾನೂ ಒಪ್ಪಿದ್ದೇನೆ.